ಪಂಚೆಯ ಗಂಟು, ಕವಳದ ಕೆನ್ನೆ: ಡಾ. ಖಾನೋಲ್ಕರ್ ಕೇಳಿದ ಪ್ರಶ್ನೆ

ನಮ್ಮಜ್ಜನ ಸೊಂಟದ ಸುತ್ತ ಒಂದು ಕಪ್ಪು ಪಟ್ಟಿ ಇತ್ತು. ಸಾಗರದ ಹತ್ತಿರದ ನಮ್ಮ ಅಡಿಕೆ ತೋಟದಲ್ಲಿ ಬೆಳಗ್ಗೆಯಿಂದ ಕತ್ತಲಾಗುವವರೆಗೂ ಪಂಚೆ ಬಿಗಿದು ಕಟ್ಟಿಕೊಂಡೇ ಓಡಾಡುತ್ತಿದ್ದ ಮನುಷ್ಯ. ಬೆವರು, ಮಳೆ, ಮತ್ತೆ ಬೆವರು. ಪಂಚೆಯ ಗಂಟು ಕೂರುವ ಜಾಗದ ಚರ್ಮ ಒರಟಾಗಿ, ಅಲ್ಲಲ್ಲಿ ಬಣ್ಣ ಕಳೆದುಕೊಂಡಿತ್ತು. ಅದು ವಯಸ್ಸಿನ ಗುರುತು ಅಂತಲೇ ನಾವೆಲ್ಲ ಅಂದುಕೊಂಡಿದ್ದೆವು.

ಆ ಗುರುತಿಗೂ ಕ್ಯಾನ್ಸರ್ ಸಂಶೋಧನೆಗೂ ಸಂಬಂಧ ಇದೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಇಂಜಿನಿಯರಿಂಗ್ ಮುಗಿಸಿ, ಕೋಡ್ ಬರೆಯುವ ಕೆಲಸ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದಿದ್ದೆ. ಅಡಿಕೆ ಮತ್ತು ಕ್ಯಾನ್ಸರ್ ಜಗಳದ ಬಗ್ಗೆ ಬರೆಯೋಣ ಅಂತ ಹಳೆಯ ಸಂಶೋಧನಾ ಲೇಖನಗಳನ್ನು ಹುಡುಕುತ್ತಾ ಕೂತಾಗ ಒಂದೇ ಹೆಸರು ಮತ್ತೆ ಮತ್ತೆ ಎದುರಾಯಿತು: ವಿ.ಆರ್. ಖಾನೋಲ್ಕರ್. 1945ರಲ್ಲಿ ಅವರು ಸಹೋದ್ಯೋಗಿ ಬಿ. ಸೂರ್ಯಾಬಾಯಿ ಜೊತೆ ಸೇರಿ ಅಮೆರಿಕದ ಪೆಥಾಲಜಿ ಪತ್ರಿಕೆಯೊಂದರಲ್ಲಿ ಭಾರತದ ಮೂರು ಹೊಸ ಬಗೆಯ ಕ್ಯಾನ್ಸರ್‌ಗಳ ಬಗ್ಗೆ ಬರೆದಿದ್ದರು. ಮೊದಲನೆಯದು ಬಿಗಿಯಾಗಿ ಪಂಚೆ ಉಡುವವರ ಸೊಂಟದ ಚರ್ಮಕ್ಕೆ ಬರುವ ಕ್ಯಾನ್ಸರ್. ಎರಡನೆಯದು ತಂಬಾಕು ಮತ್ತು ಸುಣ್ಣ ತಿಕ್ಕಿ ಕೆಳತುಟಿಯ ಸಂದಿಯಲ್ಲಿ ಇಟ್ಟುಕೊಳ್ಳುವ ಖೈನಿಯವರದ್ದು. ಮೂರನೆಯದು ಚುಟ್ಟಾದ ಉರಿಯುವ ತುದಿಯನ್ನೇ ಬಾಯೊಳಗೆ ಇಟ್ಟು ಸೇದುವವರ ಅಂಗುಳಕ್ಕೆ ಬರುವಂಥದ್ದು. ಆಂಧ್ರದ ಕರಾವಳಿಯಲ್ಲಿ ಹಾಗೆ ಸೇದುವವರಲ್ಲಿ ಹೆಂಗಸರೇ ಬಹಳ.

ನನ್ನನ್ನು ಹಿಡಿದಿಟ್ಟಿದ್ದು ಆ ಲೇಖನ ಕ್ಯಾನ್ಸರನ್ನು ವಿಂಗಡಿಸಿದ ರೀತಿ. ಜಾತಿ, ರಕ್ತ, ಹವಾಮಾನ ಯಾವುದೂ ಅಲ್ಲ. ಉಡುವ ಬಟ್ಟೆ, ಜಗಿಯುವ ಎಲೆ, ಸೇದುವ ಹೊಗೆ. ರೋಗಿಯ ಮುಂದೆ ನಿಂತು, ನೀನು ಯಾರು ಅಂತ ಕೇಳುವುದಕ್ಕಿಂತ ದಿನವಿಡೀ ಏನು ಮಾಡ್ತೀಯ ಅಂತ ಕೇಳಿದ ಹಾಗೆ.

ವಸಂತ ರಾಮ್‌ಜಿ ಖಾನೋಲ್ಕರ್ ಹುಟ್ಟಿದ್ದು 1895ರಲ್ಲಿ. ಲಂಡನ್ನಿನಲ್ಲಿ ವೈದ್ಯಕೀಯ ಓದಿ, 1923ರಲ್ಲಿ ಪೆಥಾಲಜಿಯಲ್ಲಿ ಎಂ.ಡಿ. ಪಡೆದರು. ಬೊಂಬಾಯಿಗೆ ಬಂದು ಗ್ರ್ಯಾಂಟ್ ಮೆಡಿಕಲ್ ಕಾಲೇಜು ಮತ್ತು ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಿದರು. ಪೆಥಾಲಜಿ ಅಂದರೆ ರೋಗಿಯ ಕಣ್ಣಿಗೆ ಬೀಳದ ಡಾಕ್ಟರಿಕೆ. ಕತ್ತರಿಸಿ ತಂದ ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಇದು ಏನು ಅಂತ ಹೇಳುವ ಕೆಲಸ. 1941ರಲ್ಲಿ ಪರೇಲ್‌ನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಶುರುವಾದಾಗ ಅದರ ಪ್ರಯೋಗಾಲಯಗಳು ಇವರ ಕೈಗೆ ಬಂದವು. ಲ್ಯುಕೇಮಿಯಾದಿಂದ 1931ರಲ್ಲಿ ತೀರಿಕೊಂಡ ಮೆಹರ್‌ಬಾಯಿ ಟಾಟಾ ಅವರ ನೆನಪಿಗೆ ಕಟ್ಟಿದ ಆಸ್ಪತ್ರೆ ಅದು.

ಆಗಿನ ಕಾಲದ ಒಂದು ನಂಬಿಕೆಯನ್ನು ಇಲ್ಲಿ ಹೇಳಲೇಬೇಕು. ಕ್ಯಾನ್ಸರ್ ಮುಂದುವರಿದ ದೇಶಗಳ ಕಾಯಿಲೆ, ಭಾರತೀಯರಿಗೆ ಅಷ್ಟಾಗಿ ಬರೋದಿಲ್ಲ ಅಂತ ಹೇಳುವ ಡಾಕ್ಟರುಗಳು ಬೇಕಾದಷ್ಟಿದ್ದರು. ಸರಾಸರಿ ಆಯುಸ್ಸು 30ರ ಆಸುಪಾಸಿನಲ್ಲಿದ್ದ ದೇಶದಲ್ಲಿ, ಆಸ್ಪತ್ರೆಯ ಮುಖವನ್ನೇ ನೋಡದೆ ಸಾಯುವವರೇ ಹೆಚ್ಚಿದ್ದ ದೇಶದಲ್ಲಿ, ಕ್ಯಾನ್ಸರ್ ಲೆಕ್ಕಕ್ಕೆ ಸಿಗುವುದಾದರೂ ಹೇಗೆ? ಲೆಕ್ಕ ಇಲ್ಲ ಅಂದರೆ ಕಾಯಿಲೆಯೂ ಇಲ್ಲ ಅನ್ನುವ ವಾದ ನಮಗೇನೂ ಹೊಸದಲ್ಲ, ಅಲ್ವಾ? ಕೋವಿಡ್ ಸಾವುಗಳ ಲೆಕ್ಕದ ಜಗಳವನ್ನು ನಾವೇ ಕಣ್ಣಾರೆ ನೋಡಿದ್ದೇವೆ.

ಖಾನೋಲ್ಕರ್ ಲೆಕ್ಕ ಹಾಕಲು ಕೂತರು. ಬೊಂಬಾಯಿಯ ಬಾಯಿ ಕ್ಯಾನ್ಸರಿನ 1,000 ಪ್ರಕರಣಗಳನ್ನು ಒಂದರ ಹಿಂದೊಂದು ಪರಿಶೀಲಿಸಿ 1944ರಲ್ಲಿ ಪ್ರಕಟಿಸಿದರು. ಸಮುದಾಯವಾರು ನೋಡಿದಾಗ ವ್ಯತ್ಯಾಸಗಳು ಎದ್ದು ಕಂಡವು. ಪಾರ್ಸಿ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಜಾಸ್ತಿ, ಹಿಂದೂ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ಜಾಸ್ತಿ. ಯುರೋಪಿನಲ್ಲಿ ಜನಾಂಗದ ಹೆಸರಿನ ವಿಜ್ಞಾನ ಕೊಲೆಗೆ ಇಳಿದಿದ್ದ ವರ್ಷಗಳು ಅವು. ಇಂಥ ಅಂಕಿ ಕೈಗೆ ಸಿಕ್ಕರೆ ರಕ್ತದ ಗುಣ ಅಂತ ಷರಾ ಬರೆದು ಮುಗಿಸುವುದು ಬಹಳ ಸುಲಭವಿತ್ತು. ಖಾನೋಲ್ಕರ್ ನೋಡಿದ್ದು ಮದುವೆಯಾಗುವ ವಯಸ್ಸನ್ನು, ಊಟವನ್ನು, ಜಗಿಯುವ ರೂಢಿಯನ್ನು. ವಂಶವಾಹಿಯ ಪ್ರಶ್ನೆಯನ್ನು ಅವರು ತಳ್ಳಿಹಾಕಲೂ ಇಲ್ಲ. ಎಲ್.ಡಿ. ಸಾಂಘ್ವಿ ಜೊತೆ ಬೊಂಬಾಯಿಯ ಆರು ಒಳಮದುವೆ ಗುಂಪುಗಳ ಆನುವಂಶಿಕ ಲಕ್ಷಣಗಳನ್ನು ಅಳೆದು 1949ರಲ್ಲಿ ಪ್ರಕಟಿಸಿದರು. ಅಳೆಯೋಣ, ಆದರೆ ಅಳೆಯುವ ಮೊದಲೇ ತೀರ್ಪು ಬೇಡ ಅನ್ನುವ ಹಟ ಅದು. ಇವತ್ತು ಜಾತಿವಾರು ಅಂಕಿ-ಅಂಶ ಬೇಕೋ ಬೇಡವೋ ಅಂತ ಕಿತ್ತಾಡುವ ನಾವು ಈ ಕೆಲಸವನ್ನು ಒಮ್ಮೆ ತಿರುವಿ ಹಾಕಬೇಕು ಅನ್ನೋದು ನನ್ನ ಅಭಿಪ್ರಾಯ.

ಇಂಜಿನಿಯರ್ ಬುದ್ಧಿ ಸುಮ್ಮನಿರಲ್ಲ, ಒಂದು ತಕರಾರು ಎತ್ತಲೇಬೇಕು. ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಿದರೆ ಊರಿನ ಚಿತ್ರ ಸಿಗೋದಿಲ್ಲ. ಬಾರದೇ ಇದ್ದವರು ಎಷ್ಟು? ಕವಳ ಹಾಕಿಯೂ ಆರೋಗ್ಯವಾಗಿರುವವರು ಎಷ್ಟು? ಇದಕ್ಕೆ ಅವರ ತಂಡದ ಉತ್ತರ 1955ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಸಾಂಘ್ವಿ, ರಾವ್ ಮತ್ತು ಖಾನೋಲ್ಕರ್ ಕ್ಯಾನ್ಸರ್ ಇರುವವರನ್ನೂ ಇಲ್ಲದವರನ್ನೂ ಪಕ್ಕಪಕ್ಕ ಇಟ್ಟು, ಸೇದುವುದು ಮತ್ತು ಜಗಿಯುವುದು ಎರಡನ್ನೂ ಹೋಲಿಸಿದರು. ಸಿಗರೇಟು ಮತ್ತು ಶ್ವಾಸಕೋಶದ ಕ್ಯಾನ್ಸರ್ ಬಗ್ಗೆ ಡಾಲ್ ಮತ್ತು ಹಿಲ್ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದು 1950ರಲ್ಲಿ. ಐದೇ ವರ್ಷಕ್ಕೆ ನಮ್ಮವರು ಅದೇ ವಿಧಾನದಿಂದ ಬೀಡಿಯನ್ನೂ ತಂಬಾಕು ಜಗಿಯುವುದನ್ನೂ ಪರೀಕ್ಷೆಗೆ ಒಡ್ಡಿದ್ದರು. ಶಾಲೆಯ ಪುಸ್ತಕದಲ್ಲಿ ಇದನ್ನು ನಾನಂತೂ ಓದಿರಲಿಲ್ಲ.

ಅವರ ಇನ್ನೊಂದು ಅರ್ಧ ಬದುಕು ಕುಷ್ಠರೋಗದ್ದು. ಬೀದಿಯಲ್ಲಿ ಬೇಡುವ ಕುಷ್ಠರೋಗಿಯನ್ನು ವಾರಂಟ್ ಇಲ್ಲದೆ ಹಿಡಿದು ಕೂಡಿಹಾಕಲು ಅವಕಾಶ ಕೊಡುವ 1898ರ ಕಾನೂನು ಇದ್ದ ದೇಶ ನಮ್ಮದು. ಬೆರಳು ಮೊಂಡಾದ ಮೇಲೆ, ಮುಖ ಊದಿದ ಮೇಲೆ ಗುರುತಿಸಿ ಹೊರಗೆ ಹಾಕುವುದೇ ಕ್ರಮವಾಗಿತ್ತು. ಖಾನೋಲ್ಕರ್ ತದ್ವಿರುದ್ಧ ತುದಿಗೆ ಹೋದರು. ರೋಗ ಇನ್ನೂ ಸರಿಯಾಗಿ ಕಾಣಿಸಿಕೊಳ್ಳದ ಹಂತದಲ್ಲಿ ಚರ್ಮದ ಸಣ್ಣ ಚೂರು ತೆಗೆದು ನೋಡಿದರು. ಆ ಆರಂಭದ ಕಲೆಗಳ ಅಧ್ಯಯನವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1951ರಲ್ಲಿ ಪ್ರಕಟಿಸಿತು. ಚರ್ಮರೋಗ ಅಂತ ನಾವು ಕರೆಯುವ ಇದು ಬಹಳ ಮುಂಚೆಯೇ ನರದಲ್ಲಿ ಕೂತಿರುತ್ತದೆ, ಚರ್ಮದ ಸಣ್ಣ ನರದ ಎಳೆಗಳ ಮೂಲಕ ಬ್ಯಾಕ್ಟೀರಿಯಾ ಒಳಕ್ಕೆ ಏರುತ್ತದೆ ಅನ್ನುವುದು ಅವರ ವಾದದ ತಿರುಳು. ಸ್ಪರ್ಶಜ್ಞಾನ ಹೋಗುವುದು ಯಾಕೆ, ಸುಟ್ಟರೂ ಗೊತ್ತಾಗದೆ ಬೆರಳು ಹಾಳಾಗುವುದು ಯಾಕೆ ಅನ್ನೋದು ಇದರಿಂದ ಅರ್ಥವಾಗುತ್ತದೆ. ಸಲ್ಫೋನ್ ಔಷಧಿಗಳು ಆಗಷ್ಟೇ ಬಂದಿದ್ದವು. ಬೇಗ ಗುರುತಿಸಿದರೆ ಬೆರಳು ಉಳಿಯುತ್ತಿತ್ತು. ಅಂದಹಾಗೆ, ಕುಷ್ಠರೋಗ ವಿಚ್ಛೇದನಕ್ಕೆ ಕಾರಣ ಅನ್ನುವುದನ್ನು ನಮ್ಮ ಸಂಸತ್ತು ಕಾನೂನಿನಿಂದ ತೆಗೆದಿದ್ದು 2019ರಲ್ಲಿ!

ಎಲ್ಲವೂ ಗೆಲುವಾಗಿರಲಿಲ್ಲ. 1952ರಲ್ಲಿ ಶುರುವಾದ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರಕ್ಕೆ ಅವರೇ ಮೊದಲ ನಿರ್ದೇಶಕರು. ಅಲ್ಲಿ ಬಾಪಟ್, ಕಮಲ್ ರಣದಿವೆ ಜೊತೆ ಸೇರಿ ಕುಷ್ಠರೋಗಿಯ ದೇಹದಿಂದ ತೆಗೆದ ಬ್ಯಾಕ್ಟೀರಿಯಾವನ್ನು ಗಾಜಿನಲ್ಲಿ ಬೆಳೆಸಿದ್ದಾಗಿ 1958ರಲ್ಲಿ ಬರೆದರು. ಅದು ಕುಷ್ಠದ ಬ್ಯಾಕ್ಟೀರಿಯಾ ಅಲ್ಲ, ಅದರ ದೂರದ ನೆಂಟ ಅಂತ ಆಮೇಲೆ ಗೊತ್ತಾಯಿತು. ಅಸಲಿ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಲು ಇವತ್ತಿಗೂ ಯಾರಿಗೂ ಆಗಿಲ್ಲ. ಆದರೂ ಆ ನೆಂಟನಿಂದಲೇ ಮುಂದೆ ಕುಷ್ಠಕ್ಕೆ ಒಂದು ಲಸಿಕೆ ತಯಾರಾಯಿತು.

ಕಮಲ್ ರಣದಿವೆ ಹೆಸರು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸಸ್ಯಶಾಸ್ತ್ರ ಓದಿ ಬಂದ ಆಕೆಗೆ ಪಿಎಚ್.ಡಿ. ಮಾರ್ಗದರ್ಶಕರು ಖಾನೋಲ್ಕರ್. 1949ರಲ್ಲಿ ಪದವಿ ಸಿಕ್ಕ ಮೇಲೆ ಆಕೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ಗೆ ಹೋಗಿ ಬಂದು, ದೇಶದ ಮೊದಲ ಜೀವಕೋಶ ಕೃಷಿಯ ಪ್ರಯೋಗಾಲಯ ಕಟ್ಟಿದರು. ಮುಂದೆ ಅದೇ ಕೇಂದ್ರದ ನಿರ್ದೇಶಕಿಯೂ ಆದರು. ಖಾನೋಲ್ಕರ್ ಬಗ್ಗೆ ಬರೆಯುವವರು ಪದ್ಮಭೂಷಣ, ಬೊಂಬಾಯಿ ವಿಶ್ವವಿದ್ಯಾಲಯದ ಕುಲಪತಿ ಹುದ್ದೆ ಅಂತ ಪಟ್ಟಿ ಮಾಡುತ್ತಾರೆ. ಮೊದಲ ಲೇಖನಕ್ಕೆ ಸೂರ್ಯಾಬಾಯಿ, ಆಮೇಲೆ ರಣದಿವೆ. 1940ರ ದಶಕದಲ್ಲಿ ಹೆಂಗಸರ ಹೆಸರನ್ನು ಲೇಖನದ ಮೇಲೆ ಹಾಕಿದ್ದು ನನಗೆ ಆ ಪಟ್ಟಿಗಿಂತ ದೊಡ್ಡದಾಗಿ ಕಾಣುತ್ತದೆ.

ಅವರು ತೀರಿಕೊಂಡಿದ್ದು 1978ರಲ್ಲಿ. ನಾಲ್ಕು ವರ್ಷದ ಮೇಲೆ, 1982ರಲ್ಲಿ, ಬೆಂಗಳೂರು, ಬೊಂಬಾಯಿ, ಮದ್ರಾಸುಗಳಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಶುರುವಾಯಿತು. ಇಡೀ ಊರಿನ ಲೆಕ್ಕ ಇಡುವ ಆ ಕೆಲಸ ಬೆಂಗಳೂರಿನಲ್ಲಿ ನಡೆಯುವುದು ಕಿದ್ವಾಯಿಯಲ್ಲಿ. ಕವಳದ ವಿಷಯದಲ್ಲಿ ವಿಜ್ಞಾನ ನಿಧಾನವಾಗಿಯೇ ನಡೆದಿದೆ. ತಂಬಾಕು ಸೇರಿದ ಎಲೆಯಡಿಕೆ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಏಜೆನ್ಸಿ 1985ರಲ್ಲೇ ಹೇಳಿತ್ತು, ಆದರೆ ಬರೀ ಎಲೆಯಡಿಕೆ ಬಗ್ಗೆ ಪುರಾವೆ ಸಾಲದು ಅಂದಿತ್ತು. ತಂಬಾಕಿಲ್ಲದ ಎಲೆಯಡಿಕೆಯನ್ನೂ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿದ್ದು 2004ರ ವರದಿ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಅಡಿಕೆ ವಿಷಯಕ್ಕೆ ಬಂದರೆ ಮಲೆನಾಡಿನಲ್ಲಿ ಓಟು ಕೇಳುವ ಯಾವ ಪಕ್ಷದವರೂ ಆ ವರದಿಯ ಪರ ಬಾಯಿ ಬಿಡೋದಿಲ್ಲ. ಅವರನ್ನು ಬೈಯುವುದು ಸುಲಭ. ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದು ಅದೇ ಅಡಿಕೆ.

ಹೋದ ತಿಂಗಳು ಊರಿಗೆ ಹೋದಾಗ ಅಪ್ಪನಿಗೆ ಈ ಕಥೆಯನ್ನೆಲ್ಲ ಹೇಳಿದೆ. ಪಂಚೆಯ ವಿಷಯ ಬಂದಾಗ ಸೊಂಟ ಮುಟ್ಟಿ ನೋಡಿಕೊಂಡರು, ಗಂಟು ಸ್ವಲ್ಪ ಸಡಿಲ ಮಾಡಿದರು. ಕವಳದ ವಿಷಯ ಬಂದಾಗ ಬಾಯಲ್ಲಿದ್ದದ್ದನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ಸರಿಸಿ, ಇದನ್ನೆಲ್ಲ ನೀನು ಬರೆದರೆ ಅಡಿಕೆ ರೇಟು ಬೀಳುತ್ತದಾ ಅಂತ ಕೇಳಿದರು.