ಇಂದಿನ ಧಮ್ಮ ಚಿಂತನೆ: ಮಹಾಡದಿಂದ ನಾಗಪುರದವರೆಗೆ

ಬಾಬಾಸಾಹೇಬರು ಸತ್ಯಾಗ್ರಹದ ಪರವಾಗಿದ್ದರೋ ವಿರುದ್ಧವಾಗಿದ್ದರೋ ಎಂದು ನಮ್ಮ ಯುವಕರು ಆಗಾಗ ಕೇಳುತ್ತಾರೆ. 1927ರಲ್ಲಿ ಕೆರೆಯ ನೀರಿಗಾಗಿ ಸತ್ಯಾಗ್ರಹ ಮಾಡಿದವರು ಅವರೇ. 1949ರಲ್ಲಿ ಸಂವಿಧಾನ ಸಭೆಯಲ್ಲಿ, ಇನ್ನು ಸತ್ಯಾಗ್ರಹ ಮತ್ತು ಅಸಹಕಾರದ ದಾರಿ ಬಿಡೋಣ ಎಂದವರೂ ಅವರೇ. ಮೇಲ್ನೋಟಕ್ಕೆ ಎರಡೂ ಹೊಂದುವುದಿಲ್ಲ. ಅವರ ಬದುಕನ್ನು ವರ್ಷ ಹಿಡಿದು ಓದಿದರೆ ಮಾತ್ರ, ಹೋರಾಟವನ್ನೂ ಒಂದು ವಿದ್ಯೆಯಂತೆ ಕಲಿತ ವಿದ್ಯಾರ್ಥಿ ನಮಗೆ ಕಾಣುತ್ತಾರೆ.

1891ರ ಏಪ್ರಿಲ್ 14ರಂದು ಮಹೂದಲ್ಲಿ ಹುಟ್ಟಿದ ಭೀಮರಾಯರು, ಶಾಲೆಯಲ್ಲಿ ನೀರಿನ ಪಾತ್ರೆ ಮುಟ್ಟಲಾಗದೆ ಬೆಳೆದರು. 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. 1916ರಲ್ಲಿ ಅಲ್ಲಿ ಮಂಡಿಸಿದ ಪ್ರಬಂಧದಲ್ಲಿ ಜಾತಿ ಹೇಗೆ ಹುಟ್ಟಿತು, ಯಾವುದರ ಬಲದಿಂದ ಉಳಿದಿದೆ ಎಂದು ಹುಡುಕಿದರು. ಮುಂದೆ ಲಂಡನ್ನಿನಲ್ಲಿ ಅರ್ಥಶಾಸ್ತ್ರ ಮತ್ತು ಕಾನೂನು ಓದಿ ಮುಂಬಯಿಗೆ ಮರಳಿದರು. ರೋಗದ ಮೂಲ ತಿಳಿಯದೆ ಮದ್ದು ಕೊಡಬಾರದೆಂಬ ಈ ಶಿಸ್ತನ್ನೇ ಅವರು ಬೀದಿಯ ಹೋರಾಟಕ್ಕೂ ತಂದರು.

ಮಹಾಡದ ಕಥೆಯನ್ನು ನಾವು ಸಾಮಾನ್ಯವಾಗಿ ಕೆರೆಯ ದಂಡೆಯಿಂದ ಶುರುಮಾಡುತ್ತೇವೆ. ಅದು ನಿಜವಾಗಿ ಶುರುವಾದದ್ದು ಕಾಗದದ ಮೇಲೆ. ಸಾರ್ವಜನಿಕ ಕೆರೆ, ಬಾವಿ, ಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಎಸ್.ಕೆ. ಬೋಲೆಯವರು ತಂದ ನಿರ್ಣಯವನ್ನು ಮುಂಬಯಿ ಶಾಸನ ಸಭೆ 1923ರಲ್ಲಿ ಒಪ್ಪಿತ್ತು. 1924ರಲ್ಲಿ ಮಹಾಡ ಪುರಸಭೆಯೂ ಚವದಾರ ಕೆರೆಯನ್ನು ಎಲ್ಲರಿಗೂ ತೆರೆಯಿತು. ಹಕ್ಕು ಬರಹದಲ್ಲಿತ್ತು, ಬಳಸಲು ಮಾತ್ರ ಯಾರಿಗೂ ಧೈರ್ಯವಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದುಹೋಗಿ ಆ ನೀರು ಕುಡಿದರು. ಅವರು ಕಾನೂನನ್ನು ಮುರಿಯಲಿಲ್ಲ. ಇದ್ದ ಕಾನೂನಿಗೆ ಜೀವ ಕೊಟ್ಟರು.

ಅದೇ ದಿನ, ಇವರು ದೇವಸ್ಥಾನಕ್ಕೂ ನುಗ್ಗುತ್ತಾರೆಂಬ ಸುಳ್ಳು ಸುದ್ದಿ ಊರಲ್ಲಿ ಹಬ್ಬಿತು. ಊಟಕ್ಕೆ ಕುಳಿತವರ ಮೇಲೆ, ಊರಿಗೆ ಹೊರಟವರ ಮೇಲೆ ದೊಣ್ಣೆಗಳು ಬಿದ್ದವು. ಏಟು ತಿಂದವರು ಕೈಲಾಗದವರಲ್ಲ. ಸೈನ್ಯದಲ್ಲಿ ದುಡಿದು ನಿವೃತ್ತರಾದವರೂ ಅಲ್ಲಿದ್ದರು. ತಿರುಗಿ ಹೊಡೆಯಲು ಸಿದ್ಧರಾಗಿದ್ದವರನ್ನು ಬಾಬಾಸಾಹೇಬರೇ ತಡೆದರು. ಹೊಡೆದಿದ್ದರೆ ನೀರಿನ ಹಕ್ಕಿನ ವಿಷಯ ಬೀದಿ ಗಲಾಟೆಯ ವಿಷಯವಾಗಿ ಹೋಗುತ್ತಿತ್ತು. ಬಲವಿದ್ದೂ ತಡೆದುಕೊಳ್ಳುವುದು ಹೇಡಿತನವಲ್ಲ, ಗುರಿ ತಪ್ಪದಿರುವುದು.

ಆ ಸಮ್ಮೇಳನದಲ್ಲಿ ಅವರು ತಮ್ಮ ಜನರಿಗೆ ಇನ್ನೊಂದು ಮಾತನ್ನೂ ಹೇಳಿದ್ದರು: ಸತ್ತ ದನದ ಬಾಡು ತಿನ್ನಬೇಡಿ, ಎಂಜಲಿಗೆ ಕೈ ಒಡ್ಡಬೇಡಿ. ಕೆರೆಗೆ ಇಳಿಯುವುದಕ್ಕಿಂತ ಇದು ಕಷ್ಟದ ಕೆಲಸ. ಕೆರೆಗೆ ಒಂದು ದಿನ ಇಳಿದರೆ ಸಾಕು, ಇದನ್ನು ದಿನವೂ ಮನೆಯ ಒಲೆಯ ಮುಂದೆ ಪಾಲಿಸಬೇಕು.

ಡಿಸೆಂಬರಿನಲ್ಲಿ ಮತ್ತೆ ಮಹಾಡದಲ್ಲಿ ಸೇರಿದಾಗ, ಕೆರೆ ಖಾಸಗಿ ಆಸ್ತಿಯೆಂದು ವಾದಿಸಿದವರು ಕೋರ್ಟಿನಿಂದ ತಾತ್ಕಾಲಿಕ ತಡೆಯಾಜ್ಞೆ ತಂದಿದ್ದರು. ಸಭೆಗೆ ಜಾಗ ಕೊಟ್ಟವರು ಒಬ್ಬ ಮುಸ್ಲಿಂ ಬಂಧು. ಬಾಬಾಸಾಹೇಬರು ತಮ್ಮ ಭಾಷಣದಲ್ಲಿ ಆ ಸಭೆಯನ್ನು 1789ರ ಫ್ರಾನ್ಸಿನ ರಾಷ್ಟ್ರೀಯ ಸಭೆಗೆ ಹೋಲಿಸಿದರು. ಬೇಡಿಕೆ ನೀರಿನದು ಮಾತ್ರವಲ್ಲ, ಸಮಾನತೆಯದು ಎಂದು ಸ್ಪಷ್ಟಪಡಿಸಿದರು. ಡಿಸೆಂಬರ್ 25ರ ರಾತ್ರಿ ಮನುಸ್ಮೃತಿಯನ್ನು ಸುಡಲಾಯಿತು. ಕೆರೆಗೆ ಮಾತ್ರ ಇಳಿಯಲಿಲ್ಲ. ತಡೆಯಾಜ್ಞೆಯನ್ನು ಗೌರವಿಸಿ, ಕೆರೆಯ ಸುತ್ತ ಮೆರವಣಿಗೆ ನಡೆಸಿ ಮರಳಿದರು. ಮೊಕದ್ದಮೆ ಹತ್ತು ವರ್ಷ ಎಳೆಯಿತು. 1937ರ ಮಾರ್ಚಿನಲ್ಲಿ ಮುಂಬಯಿ ಹೈಕೋರ್ಟು ನಮ್ಮ ಪರ ತೀರ್ಪು ಕೊಟ್ಟಿತು.

1930ರ ಮಾರ್ಚ್ 2ರಂದು ನಾಸಿಕದ ಕಾಳಾರಾಮ ದೇವಸ್ಥಾನದ ಸತ್ಯಾಗ್ರಹ ಆರಂಭವಾಯಿತು. ದಾದಾಸಾಹೇಬ್ ಗಾಯಕ್ವಾಡರ ಮುಂದಾಳತ್ವದಲ್ಲಿ ಗಂಡಸರು, ಹೆಂಗಸರು ವರ್ಷಗಟ್ಟಲೆ ಕಲ್ಲೇಟು ತಿಂದರು, ಜೈಲಿಗೆ ಹೋದರು. ಬಾಗಿಲು ತೆರೆಯಲಿಲ್ಲ. 1934ರಲ್ಲಿ ಬಾಬಾಸಾಹೇಬರು ಗಾಯಕ್ವಾಡರಿಗೆ ಪತ್ರ ಬರೆದು ಇನ್ನು ಸಾಕು ಎಂದರು. ಪೂಜೆಗಾಗಿ ಈ ಹೋರಾಟ ಶುರುವಾದದ್ದಲ್ಲ, ಜನ ಎಚ್ಚೆತ್ತುಕೊಳ್ಳಲಿ ಎಂದು ಶುರುವಾದದ್ದು, ಅದು ಆಗಿದೆ ಎಂಬುದು ಅವರ ವಿಚಾರ. ಜನರ ಶಕ್ತಿ ಇನ್ನು ವಿದ್ಯೆಗೆ, ರಾಜಕೀಯಕ್ಕೆ ಹೋಗಲಿ ಎಂದರು. ಮರುವರ್ಷವೇ ಯೇವಲಾದಲ್ಲಿ, ಹಿಂದೂವಾಗಿ ಸಾಯುವುದಿಲ್ಲವೆಂದು ಘೋಷಿಸಿದರು.

ಇಲ್ಲಿ ನಾವು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಅಮೆರಿಕದ ವಿದ್ವಾಂಸ ಜೀನ್ ಶಾರ್ಪ್ 1973ರಲ್ಲಿ ಅಹಿಂಸಾತ್ಮಕ ಹೋರಾಟದ 198 ವಿಧಾನಗಳನ್ನು ಪಟ್ಟಿಮಾಡಿದರು. ಆಳುವವರ ಬಲ ಆಳಿಸಿಕೊಳ್ಳುವವರ ಸಹಕಾರದಲ್ಲಿದೆ, ಸಹಕಾರ ಹಿಂತೆಗೆದರೆ ಬಲ ಕುಸಿಯುತ್ತದೆ ಎಂಬುದು ಅವರ ಸಿದ್ಧಾಂತ. ಆ ಪಟ್ಟಿಯಲ್ಲಿ ಸಾಮಾಜಿಕ ಬಹಿಷ್ಕಾರವೂ ಇದೆ. ಆದರೆ ನಮ್ಮ ಹಳ್ಳಿಗಳಲ್ಲಿ ಬಹಿಷ್ಕಾರ ಯಾರ ಆಯುಧವಾಗಿತ್ತು? ಹಕ್ಕು ಕೇಳಿದವರಿಗೆ ಕೂಲಿ ಇಲ್ಲ, ಗೇಣಿ ಭೂಮಿ ಇಲ್ಲ, ಅಂಗಡಿಯಲ್ಲಿ ಸಾಮಾನಿಲ್ಲ. ಒಂದು ಹನಿ ರಕ್ತ ಬೀಳದೆ ಒಂದು ಕೇರಿ ಹಸಿದು ಸೋಲುತ್ತದೆ. ಬಾಬಾಸಾಹೇಬರು ಸದಸ್ಯರಾಗಿದ್ದ ಮುಂಬಯಿ ಸರ್ಕಾರದ ಸಮಿತಿಯ 1930ರ ವರದಿ ಇದನ್ನು ದಾಖಲಿಸಿತು. ಅದೇ ವರ್ಷ ದುಂಡುಮೇಜಿನ ಪರಿಷತ್ತಿನಲ್ಲಿ ಅವರು ಮತ್ತು ರೆಟ್ಟಮಲೈ ಶ್ರೀನಿವಾಸನ್ ಬಹಿಷ್ಕಾರವನ್ನು ಶಿಕ್ಷಾರ್ಹ ಅಪರಾಧವಾಗಿಸಬೇಕೆಂದು ಬೇಡಿಕೆಯಿಟ್ಟರು. ಕೈ ಎತ್ತದಿರುವುದೇ ಅಹಿಂಸೆಯಲ್ಲ. ಅದರ ಹಿಂದೆ ಮೈತ್ರಿಯಿದೆಯೋ ದ್ವೇಷವಿದೆಯೋ, ಅದರಿಂದ ಬಿಡುಗಡೆ ಸಿಗುತ್ತದೋ ಬೇಡಿ ಬಿಗಿಯುತ್ತದೋ ಎಂದು ನೋಡಬೇಕು.

ಈಗ 1949ರ ಮಾತಿಗೆ ಬರೋಣ. ಸಂವಿಧಾನದ ದಾರಿ ಮುಚ್ಚಿದ್ದಾಗ ಬೇರೆ ದಾರಿಗಳಿಗೆ ಸಮರ್ಥನೆಯಿತ್ತು, ಈಗ ದಾರಿ ತೆರೆದಿದೆ, ಅದರಲ್ಲೇ ನಡೆಯೋಣ ಎಂಬುದು ಅವರ ವಾದ. ಅದೇ ಭಾಷಣದಲ್ಲಿ ಎಚ್ಚರಿಕೆಯೂ ಇತ್ತು. ಸಾಮಾಜಿಕ, ಆರ್ಥಿಕ ಅಸಮಾನತೆ ಬೇಗ ತೊಲಗದಿದ್ದರೆ, ನೊಂದವರು ಈ ಪ್ರಜಾಪ್ರಭುತ್ವದ ಕಟ್ಟಡವನ್ನೇ ಕೆಡವಿಯಾರು ಎಂದರು. ಮೊದಲ ಮಾತನ್ನಷ್ಟೇ ನೆನಪಿಟ್ಟು ಎರಡನೆಯದನ್ನು ಮರೆಯುವವರು ಅವರನ್ನು ಅರ್ಧ ಓದಿದವರು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಲಕ್ಷಾಂತರ ಜನರೊಂದಿಗೆ ಬುದ್ಧನಿಗೆ ಶರಣಾದರು, 22 ಪ್ರತಿಜ್ಞೆಗಳನ್ನು ಬೋಧಿಸಿದರು. ಯಾರ ಬಾಗಿಲನ್ನೂ ತಟ್ಟಲಿಲ್ಲ, ಯಾರನ್ನೂ ಬೇಡಲಿಲ್ಲ. ತಮ್ಮನ್ನು ಕೀಳೆಂದ ವ್ಯವಸ್ಥೆಗೆ ಕೊಟ್ಟಿದ್ದ ಒಪ್ಪಿಗೆಯನ್ನೇ ಹಿಂತೆಗೆದುಕೊಂಡರು. ಡಿಸೆಂಬರ್ 6ರಂದು ಅವರು ಪರಿನಿಬ್ಬಾಣ ಹೊಂದಿದರು. ಮರುವರ್ಷ ಪ್ರಕಟವಾದ ಬುದ್ಧ ಮತ್ತು ಆತನ ಧಮ್ಮ ಗ್ರಂಥದಲ್ಲಿ, ಬುದ್ಧನ ಅಹಿಂಸೆ ಕಣ್ಣುಮುಚ್ಚಿ ಪಾಲಿಸುವ ಕಟ್ಟಳೆಯಲ್ಲ, ವಿವೇಚಿಸಿ ನಡೆಯಬೇಕಾದ ತತ್ತ್ವ ಎಂದು ವಿವರಿಸಿದ್ದಾರೆ.

ಧಮ್ಮ ಬಂಧುಗಳೇ, ಇಂದು ಧ್ಯಾನ ಮುಗಿದ ಮೇಲೆ ಎರಡು ಪ್ರಶ್ನೆ ಕೇಳಿಕೊಳ್ಳೋಣ. ಕಾಗದದ ಮೇಲೆ ನಮಗೆ ದೊರೆತ ಯಾವ ಹಕ್ಕನ್ನು ನಾವಿನ್ನೂ ಬಳಸಿಲ್ಲ? ನಮ್ಮನ್ನು ಕುಗ್ಗಿಸುವ ಯಾವ ಪದ್ಧತಿಗೆ ಇಂದಿಗೂ ನಮ್ಮ ಮನೆಯಿಂದಲೇ ಸಹಕಾರ ಹೋಗುತ್ತಿದೆ? ಉತ್ತರ ಹೊಳೆದರೆ ಭಾನುವಾರದ ಅಧ್ಯಯನದಲ್ಲಿ ಹಂಚಿಕೊಳ್ಳಿ.

ನಮೋ ಬುದ್ಧಾಯ. ಜೈ ಭೀಮ್.