ಲೋವ್ ದಾರಿಯ ಚಿತ್ರಶಾಲೆ

ನಮ್ಮ ಊರು ಬಳ್ಳಾರಿ ಸೀಮೆಯದು. ಅಲ್ಲಿಯ ಬೇಸಿಗೆಯನ್ನು ಈ ಕಾಲೇಜಿನ ಮಿತ್ರರಿಗೆ ನಾನು ಬಣ್ಣಿಸಿ ಹೇಳಬೇಕಾಗಿಲ್ಲ. ಯುಗಾದಿ ಕಳೆದು ಹದಿನೈದು ದಿನವಾಗುವಷ್ಟರಲ್ಲಿ ಊರ ಹಿಂದಿನ ಬೋಳುಗುಡ್ಡ ಕಾದ ಹಂಚಿನಂತಾಗುತ್ತದೆ. ಆ ದಿನಗಳಲ್ಲಿ ನಮ್ಮ ತಂದೆಯವರು ಚುಕ್ಕೆ ಇರುವಾಗಲೇ ಎದ್ದು, ಎತ್ತು ಹೊಡೆದುಕೊಂಡು ಹೊಲಕ್ಕೆ ಹೋಗುತ್ತಾರೆ. ಎಂಟು ಗಂಟೆಯ ಹೊತ್ತಿಗೆ ನೊಗ ಇಳಿಸಿಬಿಡುತ್ತಾರೆ. ಅನಂತರದ ಹೊತ್ತು ಎತ್ತಿನದೂ ಅಲ್ಲ, ಆಳಿನದೂ ಅಲ್ಲ, ಸೂರ್ಯನದು ಎಂಬುದು ಅವರ ಕಟ್ಟಳೆ.

ಕಳೆದ ವರ್ಷ ಬೇಸಿಗೆಯ ರಜೆಗೆ ಊರಿಗೆ ಹೊರಟಾಗ ನಮ್ಮ ಅಧ್ಯಾಪಕರೊಬ್ಬರು ತಮ್ಮ ಸ್ವಂತದ ಪುಸ್ತಕವೊಂದನ್ನು ನನ್ನ ಕೈಗಿತ್ತರು. ಫ್ರಾನ್ಸಿನ ಚಿತ್ರಕಾರ ಪಾಲ್ ಸೆಜಾನನ ಬದುಕು, ಅವನ ಕಾಗದಗಳು, ಅವನ ಚಿತ್ರಗಳ ಅಚ್ಚುಗಳು ಅದರಲ್ಲಿದ್ದವು. ಚಿತ್ರಕಲೆಯ ವಿಷಯದಲ್ಲಿ ನಾನು ಅಂದಿಗೂ ಇಂದಿಗೂ ಅಜ್ಞಾನಿಯೇ. ಮೊದಲ ದಿನ ಹಾಳೆ ತಿರುವಿದಾಗ ಆ ಸೇಬುಗಳು, ಆ ವಕ್ರವಾದ ಮೇಜುಗಳು ನನಗೆ ಏನನ್ನೂ ಹೇಳಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಚಿತ್ರವಲ್ಲ, ಒಂದು ಸಣ್ಣ ಸಂಗತಿ. ಅರುವತ್ತೇಳು ವರ್ಷದ ಒಬ್ಬ ಮುದುಕ, ಸಕ್ಕರೆ ರೋಗದಿಂದ ಕುಗ್ಗಿದವನು, ಬಿಸಿಲು ಏರುವುದಕ್ಕೆ ಮೊದಲು ಕೆಲಸ ಮುಗಿಸಬೇಕೆಂದು ನಸುಕಿನಲ್ಲೇ ಎದ್ದು ಹೊರಡುತ್ತಿದ್ದನು. ಇವನು ನಮ್ಮ ಪೈಕಿಯವನು ಎಂದುಕೊಂಡೆ. ಆ ಮಾತು ಪೂರ್ತಿ ನಿಜವಲ್ಲವೆಂದು ಆಮೇಲೆ ತಿಳಿಯಿತು; ಅದನ್ನು ಮುಂದೆ ಹೇಳುತ್ತೇನೆ.

ಸೆಜಾನ್ ಹುಟ್ಟಿದ್ದು 1839ರ ಜನವರಿ 19ರಂದು, ದಕ್ಷಿಣ ಫ್ರಾನ್ಸಿನ ಏಕ್ಸ್ ಎಂಬ ಹಳೆಯ ಊರಿನಲ್ಲಿ. ತಂದೆ ಟೋಪಿ ವ್ಯಾಪಾರದಿಂದ ಆರಂಭಿಸಿ ಸ್ವಂತ ಬ್ಯಾಂಕು ನಡೆಸುವ ಮಟ್ಟಕ್ಕೆ ಏರಿದವನು. ಮಗ ವಕೀಲನಾಗಬೇಕೆಂಬುದು ಅವನ ಹಟ. ಮಗ ಎರಡು ವರ್ಷದಷ್ಟು ಕಾಲ ಕಾನೂನು ಓದಿದಂತೆ ಮಾಡಿ, 1861ರಲ್ಲಿ ಪ್ಯಾರಿಸ್ಸಿಗೆ ಹೋದನು. ಅಲ್ಲಿಯ ಸರಕಾರಿ ಕಲಾಶಾಲೆ ಅವನನ್ನು ಸೇರಿಸಿಕೊಳ್ಳಲಿಲ್ಲ. ವರ್ಷವರ್ಷವೂ ನಡೆಯುವ ದೊಡ್ಡ ಪ್ರದರ್ಶನಕ್ಕೆ ಚಿತ್ರ ಕಳಿಸಿದಾಗಲೆಲ್ಲ ಹಿಂದಕ್ಕೆ ಬಂದವು. 1874ರಲ್ಲಿ ಮೋನೆ, ಪಿಸ್ಸಾರೊ ಮೊದಲಾದವರ ಜತೆ ಸೇರಿ ಪ್ರದರ್ಶನ ಮಾಡಿದರೆ ನೋಡಿದವರು ನಕ್ಕರು. ಎಲ್ಲರಿಗಿಂತ ಹೆಚ್ಚು ನಗೆಗೆ ಗುರಿಯಾದವರಲ್ಲಿ ಇವನೂ ಒಬ್ಬ. ಪಿಸ್ಸಾರೊ ಒಬ್ಬನೇ ಇವನಿಗೆ ಗುರುವಿನಂತಿದ್ದು, ಬಯಲಿನಲ್ಲಿ ನಿಂತು ಕಣ್ಣಿಗೆ ಕಂಡದ್ದನ್ನೇ ಬರೆಯುವ ಅಭ್ಯಾಸ ಕಲಿಸಿದನು.

ಇಷ್ಟು ಹೇಳಿದರೆ ಅವನ ಜೀವನದ ಮೊದಲ ಮೂವತ್ತೈದು ವರ್ಷ ಮುಗಿಯಿತು. ನನಗೆ ಬೇಕಾದದ್ದು ಅವನ ಬೇಸಿಗೆಗಳು.

1876ರ ಬೇಸಿಗೆಯಲ್ಲಿ ಸೆಜಾನ್ ಮಾರ್ಸೇಲ್ ಬಳಿಯ ಎಸ್ತಾಕ್ ಎಂಬ ಕಡಲತೀರದ ಹಳ್ಳಿಯಲ್ಲಿದ್ದನು. ಅಲ್ಲಿಂದ ಪಿಸ್ಸಾರೊಗೆ ಬರೆದ ಕಾಗದದಲ್ಲಿ ಅವನು ಬಿಸಿಲಿನ ವಿಚಾರವಾಗಿ ಹೇಳಿರುವುದು ಚೆನ್ನಾಗಿದೆ. ಅಲ್ಲಿಯ ಬಿಸಿಲು ಎಷ್ಟು ಭಯಂಕರವೆಂದರೆ ವಸ್ತುಗಳ ಉಬ್ಬುತಗ್ಗು ಮಾಯವಾಗಿ ಬರಿಯ ನೆರಳುಗೊಂಬೆಗಳಂತೆ ಕಾಣುತ್ತವೆಯಂತೆ. ಅದೂ ಕಪ್ಪುಬಿಳುಪಿನಲ್ಲಿ ಮಾತ್ರವಲ್ಲ, ನೀಲಿ, ಕೆಂಪು, ಕಂದು, ನೇರಿಳೆಯಲ್ಲಿ. ಇನ್ನೊಂದು ಮಾತನ್ನೂ ಅದೇ ಕಾಗದದಲ್ಲಿ ಸೇರಿಸಿದ್ದಾನೆ. ಆಲಿವ್ ಮರ, ಪೈನ್ ಮರಗಳ ಎಲೆ ಉದುರುವುದಿಲ್ಲ, ಬಣ್ಣ ಬದಲಾಗುವುದಿಲ್ಲ. ಆದ್ದರಿಂದ ಒಂದೇ ನೋಟದ ಮುಂದೆ ಮೂರು ನಾಲ್ಕು ತಿಂಗಳು ಕೂತು ಕೆಲಸ ಮಾಡಬಹುದು. ನಿಧಾನಸ್ಥನಾದವನಿಗೆ ಇದಕ್ಕಿಂತ ದೊಡ್ಡ ಅನುಕೂಲ ಯಾವುದು? ಮೋನೆಯಂಥವರು ಓಡುವ ಬೆಳಕನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಾಗ, ಇವನು ಓಡದಿರುವ ಮರಗಳನ್ನು ಹುಡುಕುತ್ತಿದ್ದನು.

ಅವನ ನಿಧಾನದ ಕತೆಗಳು ಬಹಳ. ಬುಟ್ಟಿಯಲ್ಲಿಟ್ಟ ಹಣ್ಣುಗಳು ಚಿತ್ರ ಮುಗಿಯುವ ಮೊದಲೇ ಕೊಳೆಯುತ್ತಿದ್ದವು. ಹೂಗಳು ಬಾಡುತ್ತಿದ್ದುದರಿಂದ ಕಾಗದದ ಹೂಗಳನ್ನೇ ಇಟ್ಟುಕೊಳ್ಳುತ್ತಿದ್ದನು. 1899ರಲ್ಲಿ ಚಿತ್ರವ್ಯಾಪಾರಿ ವೊಲ್ಲಾರನ ಭಾವಚಿತ್ರ ಬರೆಯುವಾಗ ಆ ಪುಣ್ಯಾತ್ಮನನ್ನು ನೂರ ಹದಿನೈದು ಸಲ ಕೂರಿಸಿದನೆಂದು ವೊಲ್ಲಾರನೇ ಬರೆದಿಟ್ಟಿದ್ದಾನೆ. ಅಲುಗಾಡಿದರೆ ಸೆಜಾನನಿಗೆ ರೇಗುತ್ತಿತ್ತು; ಸೇಬು ಅಲುಗಾಡುವುದಿಲ್ಲವಲ್ಲ ಎಂಬುದು ಅವನ ವಾದ. ನೂರ ಹದಿನೈದು ಬೈಠಕ್ಕಿನ ಕೊನೆಗೂ ಚಿತ್ರದ ಕೈಯ ಮೇಲೆ ಎರಡು ಚುಕ್ಕೆಯಷ್ಟು ಜಾಗ ಖಾಲಿ ಉಳಿದಿತ್ತು. ಅಲ್ಲಿಗೆ ತಕ್ಕ ಬಣ್ಣ ಸಿಗದೆ ಏನಾದರೂ ಬಳಿದುಬಿಟ್ಟರೆ, ಆ ಜಾಗದಿಂದ ಶುರುಮಾಡಿ ಇಡೀ ಚಿತ್ರವನ್ನೇ ಮತ್ತೆ ಬರೆಯಬೇಕಾದೀತೆಂದು ಅವನು ಹೆದರಿದ್ದನು. ಕೊನೆಗೆ ಅಂಗಿಯ ಎದೆಭಾಗ ಮಾತ್ರ ಪರವಾಗಿಲ್ಲವೆಂದು ಹೇಳಿ ಊರಿಗೆ ಹೊರಟುಹೋದನು!

ಇದನ್ನು ಓದಿ ನಾನು ಮೊದಲು ನಕ್ಕೆ. ಆಮೇಲೆ ನೋಡಿದರೆ ಅದರಲ್ಲಿ ಹುಚ್ಚಿಲ್ಲ, ಲೆಕ್ಕವಿದೆ. ಅವನು ಗೆರೆ ಎಳೆದು ಒಳಗೆ ಬಣ್ಣ ತುಂಬುವವನಲ್ಲ. ಒಂದು ಬಣ್ಣದ ತೇಪೆ ಇಡುವುದು, ಅದರ ಪಕ್ಕದಲ್ಲಿ ಅದಕ್ಕೆ ಹೊಂದುವ ಇನ್ನೊಂದು ತೇಪೆ ಇಡುವುದು, ಹೀಗೆ ತೇಪೆ ತೇಪೆ ಸೇರಿಯೇ ಹಣ್ಣಿನ ಗುಂಡಗೂ ಗುಡ್ಡದ ದೂರವೂ ಹುಟ್ಟಬೇಕು. ಕಲ್ಲುಗೋಡೆ ಕಟ್ಟುವವನಿಗೆ ಈ ಮಾತು ಬೇಗ ಅರ್ಥವಾದೀತು. ಒಂದು ಕಲ್ಲು ತಪ್ಪಾಗಿ ಕೂತರೆ ಮೇಲಿನ ವರಸೆಯೆಲ್ಲ ತಪ್ಪುತ್ತದೆ.

1899ರಲ್ಲಿ ಸೆಜಾನನ ಮನೆತನದ ತೋಟದ ಬಂಗಲೆ ಮಾರಾಟವಾಯಿತು. ಕೆಲಸಕ್ಕೆ ಜಾಗವಿಲ್ಲದಂತಾದಾಗ ಅವನು 1901ರಲ್ಲಿ ಏಕ್ಸ್ ಊರಿನ ಉತ್ತರಕ್ಕೆ, ಲೋವ್ ಗುಡ್ಡಕ್ಕೆ ಏರುವ ದಾರಿಯ ಪಕ್ಕದಲ್ಲಿ ಆಲಿವ್ ಮತ್ತು ಅಂಜೂರದ ಮರಗಳಿದ್ದ ತುಂಡು ನೆಲವನ್ನು ಕೊಂಡು ಚಿತ್ರಶಾಲೆ ಕಟ್ಟಿಸತೊಡಗಿದನು. 1902ರಲ್ಲಿ ಅದು ಮುಗಿಯಿತು. ಮಹಡಿಯ ಮೇಲೆ ಒಂದೇ ದೊಡ್ಡ ಕೋಣೆ. ಉತ್ತರದ ಕಡೆಗೆ ಗೋಡೆಯಷ್ಟೇ ದೊಡ್ಡ ಗಾಜಿನ ಕಿಟಕಿ, ಏಕೆಂದರೆ ಉತ್ತರದ ಬೆಳಕು ದಿನವಿಡೀ ಹೆಚ್ಚು ಬದಲಾಗುವುದಿಲ್ಲ. ದಕ್ಷಿಣಕ್ಕೆ ಎರಡು ಕಿಟಕಿ. ಅಲ್ಲಿಂದ ಊರು ಕಾಣುತ್ತಿತ್ತು. ಗೋಡೆಗಳಿಗೆ ಬೂದುಬಣ್ಣ. ಗೋಡೆಯ ಒಂದು ಮೂಲೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಕಿರಿದಾದ ಸೀಳು ಬಿಡಿಸಿದ್ದನು. ನೋಡಿದವರಿಗೆ ಇದೇನು ವಿಚಿತ್ರವೆನಿಸಬೇಕು. ಅವನು ಆಗ ಬರೆಯುತ್ತಿದ್ದ ಸ್ನಾನದ ಹೆಂಗಸರ ಮಹಾಚಿತ್ರಗಳು ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ. ಆ ಸೀಳಿನಿಂದ ಅವುಗಳನ್ನು ಹೊರಕ್ಕೆ ಜಾರಿಸಬೇಕಾಗಿತ್ತು. ಒಳಗೆ ಎತ್ತರದ ಏಣಿ, ಮೂರು ತಲೆಬುರುಡೆ, ಗಾರೆಯ ಒಂದು ಮನ್ಮಥನ ಬೊಂಬೆ, ಶುಂಠಿಯ ಜಾಡಿ, ಸೀಸೆಗಳು, ಹಣ್ಣು.

ಅವನ ದಿನ ಹೀಗೆ ನಡೆಯುತ್ತಿತ್ತು. ಮನೆ ಊರೊಳಗೆ ಬುಲಗೋಂ ಬೀದಿಯಲ್ಲಿ. ಹೆಂಡತಿ ಒರ್ತಾನ್ಸಳೂ ಮಗ ಪಾಲನೂ ಹೆಚ್ಚಾಗಿ ಪ್ಯಾರಿಸ್ಸಿನಲ್ಲೇ ಇರುತ್ತಿದ್ದುದರಿಂದ ಅಡುಗೆ ಮನೆವಾರ್ತೆಯೆಲ್ಲ ಬ್ರೆಮೋಂ ಎಂಬ ಹೆಂಗಸಿನದು. ನಸುಕಿಗೆ ಎದ್ದು ಏರುದಾರಿ ಹತ್ತಿ ಚಿತ್ರಶಾಲೆ ಸೇರಿ, ಆರು ಗಂಟೆಯಿಂದ ಹತ್ತೂವರೆಯವರೆಗೆ ಕೆಲಸ. ಊಟಕ್ಕೆ ಊರಿಗೆ ಇಳಿಯುವುದು. ಮಧ್ಯಾಹ್ನದ ಮೇಲೆ ಬಯಲಿಗೆ ಹೋಗುವುದು. ಸಂಜೆ ಬೇಗ ಮಲಗುವುದು. 1904ರಲ್ಲಿ ಅವನ ಬಳಿ ಒಂದು ತಿಂಗಳು ಇದ್ದ ಕಿರಿಯ ಚಿತ್ರಕಾರ ಎಮಿಲ್ ಬರ್ನಾರನು, ಒಂದು ಕಂಬಳಿಯ ಮೇಲಿಟ್ಟ ಮೂರು ತಲೆಬುರುಡೆಗಳ ಚಿತ್ರವನ್ನು ದಿನವೂ ನೋಡುತ್ತಿದ್ದನಂತೆ. ಆ ತಿಂಗಳೆಲ್ಲ ಚಿತ್ರದ ಬಣ್ಣವೂ ಆಕಾರವೂ ದಿನದಿನಕ್ಕೆ ಬದಲಾಗುತ್ತಲೇ ಇದ್ದವು. ಆದರೆ ತಾನು ಮೊದಲ ದಿನ ಒಳಗೆ ಕಾಲಿಟ್ಟಾಗಲೇ ಅದು ಮುಗಿದ ಚಿತ್ರದಂತೆ ಕಂಡಿತ್ತೆಂದು ಬರ್ನಾರ್ ಬರೆದಿದ್ದಾನೆ.

ಚಿತ್ರಶಾಲೆಯಿಂದ ಇನ್ನೂ ಸ್ವಲ್ಪ ಮೇಲಕ್ಕೆ ಏರಿದರೆ ಪೂರ್ವಕ್ಕೆ ಸೇಂತ್ ವಿಕ್ತ್ವಾರ್ ಬೆಟ್ಟ ಇಡಿಯಾಗಿ ಕಾಣುತ್ತದೆ. ಸುಣ್ಣಕಲ್ಲಿನ ಬೆಟ್ಟ, ಎತ್ತರ 1011 ಮೀಟರು. ಅದೇ ದಿಬ್ಬದಿಂದ ಅದೇ ಬೆಟ್ಟವನ್ನು ಹಲವು ಸಲ ತೈಲಬಣ್ಣದಲ್ಲಿ, ಮತ್ತೆ ಮತ್ತೆ ನೀರುಬಣ್ಣದಲ್ಲಿ ಬರೆದನು. ಕೆಲವು ಚಿತ್ರಗಳಲ್ಲಿ ಆಕಾಶದಲ್ಲೂ ಹೊಲದ ಹಸುರು ಇದೆ, ಕೆಲವೆಡೆ ಬಟ್ಟೆಯ ಬಿಳುಪನ್ನು ಹಾಗೆಯೇ ಬಿಟ್ಟಿದ್ದಾನೆ. ಆ ಬಿಳುಪೇ ನಡುಹಗಲ ಝಳದಂತೆ ನನಗೆ ಕಾಣುತ್ತದೆ.

ಈ ಚಿತ್ರದ ಹಾಳೆಯನ್ನು ಒಂದು ಮಧ್ಯಾಹ್ನ ತಂದೆಯವರಿಗೆ ತೋರಿಸಿದೆ. ಅವರಿಗೆ ಅಕ್ಷರ ಬಾರದು. ಚಿತ್ರ ನೋಡಲು ಅಕ್ಷರ ಬೇಕಾಗಿಲ್ಲವಷ್ಟೆ. ಬಹಳ ಹೊತ್ತು ನೋಡಿ, ಆ ಊರಿಗೆ ಮಳೆ ಯಾವಾಗ ಬರುತ್ತದೆಂದು ಕೇಳಿದರು. ನಾನು ಸೆಜಾನನ ಕತೆ ಹೇಳಿದೆ. ನಲವತ್ತು ವರ್ಷ ಯಾರೂ ಮೆಚ್ಚದಿದ್ದರೂ ಬಿಡದೆ ಬರೆದನೆಂದು ಸ್ವಲ್ಪ ಉತ್ಸಾಹದಿಂದಲೇ ಹೇಳಿದೆ. ಅವರು ಎಲ್ಲವನ್ನೂ ಕೇಳಿ, ಅಷ್ಟು ವರ್ಷ ಅವನಿಗೆ ಅನ್ನ ಹಾಕಿದವರು ಯಾರು ಎಂದು ವಿಚಾರಿಸಿದರು. ಅಪ್ಪ ಬ್ಯಾಂಕಿನವನು ಎಂದೆ. ತಲೆಯಾಡಿಸಿ ಎತ್ತಿಗೆ ನೀರು ಕುಡಿಸಲು ಎದ್ದುಹೋದರು. ಜಗಲಿಯ ಮೇಲೆ ನಮ್ಮಣ್ಣ ಮಲಗಿದ್ದನು. ಏಳನೆಯ ತರಗತಿಗೆ ಅವನು ಶಾಲೆ ಬಿಟ್ಟು ಹೊಲಕ್ಕೆ ಇಳಿದದ್ದರಿಂದ ನಾನು ಬಿ.ಎ. ವರೆಗೆ ಬಂದೆ. ಆ ಮೇಲೆ ಆ ಪುಸ್ತಕವನ್ನು ಮೊದಲಿನಂತೆ ಓದಲು ನನ್ನಿಂದ ಆಗಲಿಲ್ಲ. ಪ್ರತಿ ಪುಟದಲ್ಲಿಯೂ ಖರ್ಚು ಯಾರದೆಂದು ಹುಡುಕತೊಡಗಿದೆ.

ಹುಡುಕಿದರೆ ಸಿಗುತ್ತದೆ. ಸೆಜಾನ್ ಮಧ್ಯವಯಸ್ಸಿನವರೆಗೆ ತಂದೆಯ ಮಾಸಾಶನದಿಂದ ಬದುಕಿದವನು. ಆ ಹಣ ನಿಂತೀತೆಂಬ ಭಯದಿಂದ ಒರ್ತಾನ್ಸಳ ಸಂಗತಿಯನ್ನೂ 1872ರಲ್ಲಿ ಹುಟ್ಟಿದ ಮಗನ ಸಂಗತಿಯನ್ನೂ ತಂದೆಗೆ ತಿಳಿಯದಂತೆ ವರ್ಷಾನುಗಟ್ಟಲೆ ಮುಚ್ಚಿಟ್ಟನು. 1878ರಲ್ಲಿ ತಂದೆ ಕಾಗದವೊಂದನ್ನು ಒಡೆದು ಓದಿ ಗುಟ್ಟನ್ನು ತಿಳಿದು, ತಿಂಗಳ ಹಣವನ್ನು ಅರ್ಧಕ್ಕೆ ಇಳಿಸಿದಾಗ, ಬಾಲ್ಯದ ಗೆಳೆಯ ಎಮಿಲ್ ಜೋಲಾ ತಿಂಗಳಿಗೆ ಅರುವತ್ತು ಫ್ರಾಂಕು ಒರ್ತಾನ್ಸಳಿಗೆ ಕಳಿಸಿ ಆ ಸಂಸಾರವನ್ನು ಕಾಪಾಡಿದನು. 1886ರ ಏಪ್ರಿಲ್‌ನಲ್ಲಿ ಮದುವೆಯಾಯಿತು, ಅಕ್ಟೋಬರ್‌ನಲ್ಲಿ ತಂದೆ ತೀರಿಕೊಂಡನು, ಆಸ್ತಿ ಕೈಗೆ ಬಂತು. ಮುಂದೆ ಒಂದು ಹೊತ್ತಿನ ಊಟಕ್ಕೂ ಅವನು ಚಿತ್ರ ಮಾರಬೇಕಾಗಿರಲಿಲ್ಲ. ಅವನ ಛಲವನ್ನು ಹೊಗಳುವ ಪುಸ್ತಕಗಳು ಈ ಹಣವನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ನನಗೆ ಹಾಗೆ ದಾಟಲಾಗುವುದಿಲ್ಲ. ಹಾಗೆಂದು ಆ ಹಣವೇ ಬೆಟ್ಟವನ್ನು ಬರೆಯಿತೆಂದೂ ಹೇಳಲಾರೆ. ಬ್ಯಾಂಕಿನವರ ಮಕ್ಕಳು ಫ್ರಾನ್ಸಿನಲ್ಲಿ ಬೇಕಾದಷ್ಟು ಮಂದಿ ಇದ್ದರು. ಹಣವಿದ್ದವನು ನಸುಕಿಗೆ ಏಳಬೇಕಾಗಿಯೂ ಇರಲಿಲ್ಲ.

1906ರ ಬೇಸಿಗೆ ಅವನ ಕೊನೆಯದು, ಬಹಳ ಕಡುವಾದದ್ದು. ಪ್ಯಾರಿಸ್ಸಿನಲ್ಲಿದ್ದ ಮಗನಿಗೆ ಅವನು ಮತ್ತೆ ಮತ್ತೆ ಕಾಗದ ಬರೆದನು. ತಲೆನೋವು, ಕೆಮ್ಮು, ನಿದ್ದೆಯಿಲ್ಲದ ರಾತ್ರಿ, ಎಲ್ಲಕ್ಕೂ ಮೇಲಾಗಿ ಸೆಖೆ. ಆಗಸ್ಟ್ ತಿಂಗಳ ಒಂದು ಕಾಗದ ಮಧ್ಯಾಹ್ನ ಎರಡು ಗಂಟೆಗೆ ಕೋಣೆಯೊಳಗೆ ಕೂತು ಬರೆದದ್ದು. ನಾಲ್ಕು ಗಂಟೆಯಾಗಲೆಂದು ಕಾಯುತ್ತಿದ್ದಾನೆ. ಆಗ ಗಾಡಿ ಬರುತ್ತದೆ, ಆರ್ಕ್ ಹೊಳೆಯ ಸೇತುವೆಯ ಬಳಿಗೆ ಕರೆದೊಯ್ಯುತ್ತದೆ, ಅಲ್ಲಿ ಕೊಂಚ ತಂಪು. ಹೊಳೆದಂಡೆಯ ದೊಡ್ಡ ಮರಗಳು ನೀರಿನ ಮೇಲೆ ಕಮಾನಿನಂತೆ ಬಾಗಿದ್ದವು. ಸೆಪ್ಟೆಂಬರ್ ತಿಂಗಳ ಕಾಗದದಲ್ಲಿ ಮಗನಿಗೆ ತಿಳಿಸಿದ ಸಂಗತಿಯನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಹೊಳೆಯ ದಂಡೆಯಲ್ಲಿ ನೋಡಬೇಕಾದ ದೃಶ್ಯಗಳು ಎಷ್ಟೊಂದೆಂದರೆ, ಕೂತ ಜಾಗ ಬಿಡದೆ, ಸ್ವಲ್ಪ ಬಲಕ್ಕೆ ಸ್ವಲ್ಪ ಎಡಕ್ಕೆ ವಾಲಿದರೆ ಸಾಕು, ತಿಂಗಳುಗಟ್ಟಲೆ ಕೆಲಸಕ್ಕೆ ಸಾಲುತ್ತದೆ ಎಂಬುದು ಆ ಸಂಗತಿ. ಗಾಡಿಯವನು ಬಾಡಿಗೆ ಏರಿಸಿದ್ದಕ್ಕೆ ಸಿಟ್ಟುಗೊಂಡು ಗಾಡಿ ಬಿಟ್ಟದ್ದೂ ಅದೇ ಕಾಲದ ಕಾಗದಗಳಲ್ಲಿ ಇದೆ. ಶ್ರೀಮಂತನಾದರೂ ಜಿಪುಣತನ ಹೋಗಿರಲಿಲ್ಲ! ನೀರುಬಣ್ಣದ ಚೀಲವನ್ನು ತಾನೇ ಹೊತ್ತು ಗುಡ್ಡ ಹತ್ತಿದನು.

ಅಷ್ಟು ಹೊತ್ತಿಗೆ ಪ್ಯಾರಿಸ್ಸಿನ ತರುಣರು ಅವನನ್ನು ಗುರುವೆಂದು ಕೊಂಡಾಡುತ್ತಿದ್ದರು. ಸ್ವಂತ ಊರಿನವರು ಮಾತ್ರ ಒಪ್ಪಲಿಲ್ಲ. ತಾನು ಇರುವವರೆಗೆ ಸೆಜಾನನ ಚಿತ್ರ ಒಳಗೆ ಬಾರದೆಂದು ಏಕ್ಸ್ ಊರಿನ ವಸ್ತುಸಂಗ್ರಹಾಲಯದ ಅಧಿಕಾರಿ ಶಪಥ ಮಾಡಿ ಹಾಗೆಯೇ ನಡೆದುಕೊಂಡನು. 1984ರಲ್ಲಿ ಸರಕಾರ ಎಂಟು ಚಿತ್ರಗಳನ್ನು ಆ ಸಂಗ್ರಹಾಲಯಕ್ಕೆ ಕಳಿಸಿಕೊಟ್ಟಿತು.

ಅಕ್ಟೋಬರ್ 15ರಂದು ಬಯಲಿನಲ್ಲಿ ಬರೆಯುತ್ತಿದ್ದಾಗ ಗಾಳಿಮಳೆ ಹಿಡಿಯಿತು. ಗಂಟೆಗಟ್ಟಲೆ ನೆನೆದು ಕುಸಿದವನನ್ನು ಅಗಸರ ಬಂಡಿಯೊಂದರಲ್ಲಿ ಮನೆಗೆ ತಂದರು. ಇಬ್ಬರು ಹಿಡಿದು ಹಾಸಿಗೆಗೆ ಸೇರಿಸಿದರು. ಮರುದಿನ ನಸುಕಿಗೆ ಅವನು ಮತ್ತೆ ಲೋವ್ ದಾರಿ ಹತ್ತಿದನು. ಅಲ್ಲಿಯ ತೋಟ ನೋಡಿಕೊಳ್ಳುತ್ತಿದ್ದ ಮುದುಕ ವಾಲಿಯೇ ಎಂಬವನ ಭಾವಚಿತ್ರ ಅರ್ಧದಲ್ಲಿತ್ತು. ಅದರ ಮುಂದೆ ಕೂತು, ಸಾಯುವವನಂತಾಗಿ ಹಿಂದಿರುಗಿದನು. ವಾರ ಕಳೆಯುವಷ್ಟರಲ್ಲಿ ತೀರಿಕೊಂಡನು. ತಂತಿ ತಲಪಿ ಹೆಂಡತಿಯೂ ಮಗನೂ ಪ್ಯಾರಿಸ್ಸಿನಿಂದ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ನಡುವೆ, ಅಕ್ಟೋಬರ್ 17ರಂದು, ಅವನು ಬಣ್ಣದ ವ್ಯಾಪಾರಿಗೆ ಒಂದು ಕಾಗದ ಬರೆದಿದ್ದಾನೆ. ಏಳನೆಯ ನಂಬರಿನ ಕಡು ಅರಗುಗೆಂಪು ಹತ್ತು ಬೇಕೆಂದು ಕೇಳಿ ಎಂಟು ದಿನವಾಯಿತು, ಜವಾಬೇ ಇಲ್ಲ, ಏನಾಯಿತು, ಬೇಗ ತಿಳಿಸಬೇಕು ಎಂದು ಅದರ ಒಕ್ಕಣೆ.