ಮರುಭೂಮಿಯ ತಪಸ್ವಿ ಸಂತ ಅಂತೋಣಿಯವರು

ಸಂತ ಅಂತೋಣಿ ಅಂದ ಕೂಡಲೇ ಕರ್ನಾಟಕದ ಭಕ್ತಾದಿಗಳಿಗೆ ನೆನಪಾಗುವುದು ಡೋರನಹಳ್ಳಿ. ಅಲ್ಲಿರುವವರು ಪದುವಾ ಊರಿನ ಸಂತ ಅಂತೋಣಿಯವರು, ಬಾಲಯೇಸುವನ್ನು ಎತ್ತಿಕೊಂಡವರು, ಜೂನ್ 13ರ ಹಬ್ಬದವರು. ಈ ಪುಟಗಳಲ್ಲಿರುವುದು ಅವರಿಗಿಂತ 900 ವರ್ಷಕ್ಕೂ ಹಿಂದಿನ ಅಂತೋಣಿಯವರ ಚರಿತ್ರೆ. ಪದುವಾದವರಿಗೆ ಆ ಹೆಸರು ಬಂದದ್ದೂ ಇವರಿಂದಲೇ. 1220ರಲ್ಲಿ ಫ್ರಾನ್ಸಿಸ್ಕನ್ ಸಭೆ ಸೇರಿದಾಗ ಅವರು ತಮ್ಮ ಹುಟ್ಟುಹೆಸರು ಬಿಟ್ಟು ಈ ಹಿರಿಯ ತಪಸ್ವಿಯ ಹೆಸರನ್ನು ಇಟ್ಟುಕೊಂಡರು. ಹಿರಿಯರ ಹಬ್ಬ ಜನವರಿ 17ಕ್ಕೆ.

ಇವರು ಹುಟ್ಟಿದ್ದು ಈಜಿಪ್ಟ್ ದೇಶದ ಒಂದು ಹಳ್ಳಿಯಲ್ಲಿ, ಕ್ರಿ.ಶ. 251ರ ಸುಮಾರಿಗೆ. ಉಳ್ಳವರ ಮನೆ. ಸುಮಾರು 200 ಎಕರೆಯಷ್ಟು ಒಳ್ಳೆಯ ಫಸಲಿನ ಭೂಮಿ ಇತ್ತು. ಅಂತೋಣಿಗೆ ಹದಿನೆಂಟೋ ಇಪ್ಪತ್ತೋ ವಯಸ್ಸಾಗಿದ್ದಾಗ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಮನೆಯ ಭಾರ, ಹೊಲದ ಭಾರ, ಜೊತೆಗೆ ಇನ್ನೂ ಎಳೆಯ ವಯಸ್ಸಿನ ಒಬ್ಬಳೇ ತಂಗಿ.

ಆರು ತಿಂಗಳು ಕಳೆದಿರಲಿಲ್ಲ. ಒಂದು ದಿನ ಎಂದಿನಂತೆ ದೇವಾಲಯಕ್ಕೆ ಹೊರಟರು. ಆದಿ ಕ್ರೈಸ್ತರು ತಮ್ಮ ಆಸ್ತಿ ಮಾರಿ ಹಣವನ್ನು ಪ್ರೇಷಿತರ ಪಾದದ ಬಳಿ ತಂದಿಟ್ಟದ್ದು ಹೇಗೆ ಸಾಧ್ಯವಾಯಿತು ಎಂದು ದಾರಿಯುದ್ದಕ್ಕೂ ಯೋಚನೆ. ಒಳಗೆ ಕಾಲಿಡುವ ಹೊತ್ತಿಗೆ ಶುಭಸಂದೇಶ ವಾಚನ ನಡೆದಿತ್ತು. ಮತ್ತಾಯನು ಬರೆದ 19ನೇ ಅಧ್ಯಾಯ: ಸಿರಿವಂತ ಯುವಕನಿಗೆ ಯೇಸುಸ್ವಾಮಿ ಎಲ್ಲವನ್ನೂ ಮಾರಿ ಬಡವರಿಗೆ ಕೊಟ್ಟು ತಮ್ಮನ್ನು ಹಿಂಬಾಲಿಸು ಎಂದು ಹೇಳಿದ ಭಾಗ. ಆ ದೇವಾಲಯದಲ್ಲಿ ಎಷ್ಟೋ ಮಂದಿ ಅದನ್ನು ಎಷ್ಟೋ ಸಲ ಕೇಳಿದ್ದರು. ಅಂತೋಣಿಗೆ ಮಾತ್ರ ಅದು ತನ್ನ ಹೆಸರು ಹಿಡಿದು ಕೂಗಿದ ಹಾಗೆ ಕೇಳಿಸಿತು. ಭೂಮಿಯನ್ನು ಊರಿನವರಿಗೆ ಬಿಟ್ಟುಕೊಟ್ಟರು. ಮನೆಯ ಸಾಮಾನು ಮಾರಿ ಬಂದ ಹಣವನ್ನು ಬಡವರಿಗೆ ಹಂಚಿದರು. ತಂಗಿಗೆಂದು ಸ್ವಲ್ಪ ಉಳಿಸಿಕೊಂಡರು.

ಮತ್ತೆ ದೇವಾಲಯಕ್ಕೆ ಹೋದಾಗ ಕಿವಿಗೆ ಬಿದ್ದದ್ದು, ನಾಳೆಯ ಚಿಂತೆ ಬೇಡ ಎನ್ನುವ ವಾಕ್ಯ. ಉಳಿಸಿದ್ದನ್ನೂ ಕೊಟ್ಟುಬಿಟ್ಟರು.

ಇಲ್ಲಿ ಓದುವವರ ಮನಸ್ಸು ತಡೆಯುತ್ತದೆ. ತಂದೆ ತಾಯಿ ಇಲ್ಲದ ಹುಡುಗಿ, ಅವಳ ಪಾಲಿನದ್ದನ್ನೂ ಕೊಟ್ಟರೆ ಗತಿ ಏನು? ತನ್ನದನ್ನು ಬಿಡುವುದು ತ್ಯಾಗ, ತಂಗಿಯದನ್ನು ಬಿಡಲು ಅಣ್ಣನಿಗೆ ಏನು ಹಕ್ಕು ಎಂದು ಯಾರಾದರೂ ಕೇಳಬಹುದು, ಕೇಳುವುದು ನ್ಯಾಯವೇ. ಅವರ ಚರಿತ್ರೆ ಬರೆದವರು ಅವರನ್ನು ಕಂಡು ಬಲ್ಲ ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ಸಂತ ಅತನಾಸಿಯುಸರು. ಅವರು ಈ ವಿಷಯ ಮುಚ್ಚಿಟ್ಟಿಲ್ಲ. ಅಂತೋಣಿಯವರು ತಂಗಿಯನ್ನು ಬೀದಿಯಲ್ಲಿ ಬಿಡಲಿಲ್ಲ. ಪರಿಚಯವಿದ್ದ, ನಂಬಿಕೆಗೆ ಅರ್ಹರಾದ ಕನ್ಯಾವ್ರತದ ಸ್ತ್ರೀಯರ ಕೈಗೆ ಒಪ್ಪಿಸಿದರು. ಆದರೂ ಆ ದಿನ ಆ ಹುಡುಗಿಗೆ ಹೇಗಾಗಿತ್ತೋ, ಅದನ್ನು ಯಾರೂ ಬರೆದಿಲ್ಲ.

ಆಮೇಲೆ ಊರ ಹೊರಗೆ ಇದ್ದುಕೊಂಡು ಕೂಲಿ ಮಾಡಿದರು. ದುಡಿಯದವನು ಉಣ್ಣಲೂ ಬಾರದು ಎಂಬ ಪೌಲನ ಮಾತನ್ನು ಕೇಳಿದ್ದರಲ್ಲ, ಅದೂ ಅವರಿಗೆ ಆಜ್ಞೆಯೇ. ರೊಟ್ಟಿಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕದ್ದನ್ನು ಬಡವರಿಗೆ ಕೊಡುತ್ತಿದ್ದರು. ಚಿಕ್ಕಂದಿನಲ್ಲಿ ಅವರು ಶಾಲೆಯ ವಿದ್ಯೆ ಕಲಿತವರಲ್ಲ. ಆದರೆ ವಾಚನ ಕೇಳುವಾಗ ಒಂದು ಮಾತೂ ಕೆಳಗೆ ಬೀಳದ ಹಾಗೆ ಕೇಳುತ್ತಿದ್ದರು. ನೆನಪೇ ಅವರಿಗೆ ಪುಸ್ತಕವಾಯಿತು.

ಸಮಾಧಿಗಳ ನಡುವೆ ವಾಸ, ಸೈತಾನನ ಕಾಟ, ಪಾಳುಬಿದ್ದ ಕೋಟೆಯೊಳಗೆ 20 ವರ್ಷದ ಏಕಾಂತ, ಇವೆಲ್ಲ ಚಿತ್ರಗಳಲ್ಲಿ ಹೆಚ್ಚು ಕಾಣುವ ಸಂಗತಿಗಳು. 311ರಲ್ಲಿ ಕ್ರೈಸ್ತರಿಗೆ ಹಿಂಸೆ ನಡೆದಾಗ ಅವರು ಅಲೆಕ್ಸಾಂಡ್ರಿಯಕ್ಕೆ ಇಳಿದುಹೋಗಿ, ಗಣಿಗಳಲ್ಲೂ ಸೆರೆಮನೆಗಳಲ್ಲೂ ಇದ್ದ ವಿಶ್ವಾಸಿಗಳ ಸೇವೆ ಮಾಡಿದರು.

ಜನರ ಗುಂಪು ಹೆಚ್ಚಾದಾಗ ಕೆಂಪು ಸಮುದ್ರದ ದಿಕ್ಕಿನ ಒಂದು ಬೆಟ್ಟಕ್ಕೆ ಹೋದರು. ಬುಡದಲ್ಲಿ ಸಿಹಿನೀರಿನ ಊಟೆ, ನಾಲ್ಕಾರು ಖರ್ಜೂರದ ಮರ. ತನಗೆ ರೊಟ್ಟಿ ಹೊತ್ತು ತರುವವರಿಗೆ ಯಾಕೆ ಕಷ್ಟ ಎಂದು ಗುದ್ದಲಿ, ಕೊಡಲಿ, ಸ್ವಲ್ಪ ಗೋಧಿ ತರಿಸಿಕೊಂಡು ತಾವೇ ಬಿತ್ತಿದರು. ಬಿಸಿಲಲ್ಲಿ ದಣಿದು ಬೆಟ್ಟಕ್ಕೆ ಬರುವವರಿಗಾಗಿ ಒಂದಿಷ್ಟು ತರಕಾರಿಯನ್ನೂ ಬೆಳೆದರು. ಬೆಟ್ಟ ಹತ್ತಿ ಬಂದ ಯಾತ್ರಿಕರಿಗೆ ಇದರ ಬೆಲೆ ಗೊತ್ತು. ಅವರಿದ್ದ ಗುಹೆಗೆ ಈಗ ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಕೆಳಗೆ ಅವರ ಹೆಸರಿನ ಕೋಪ್ಟಿಕ್ ಮಠವಿದೆ.

ತಮ್ಮ ಬಳಿ ಬಂದ ಸನ್ಯಾಸಿಗಳಿಗೆ ಅವರು ಕಲಿಸಿದ್ದು ಸರಳ ಅಭ್ಯಾಸ. ಸೂರ್ಯ ಮುಳುಗುವ ಮುಂಚೆ ಕೋಪ ಇಳಿಯಬೇಕೆಂಬ ಪೌಲನ ಮಾತನ್ನು ಕೋಪಕ್ಕಷ್ಟೇ ಅಲ್ಲ, ಎಲ್ಲ ಪಾಪಗಳಿಗೂ ಅನ್ವಯಿಸಿಕೊಳ್ಳಿ ಎನ್ನುತ್ತಿದ್ದರು. ದಿನದ ನಡತೆಯನ್ನೂ ಮನಸ್ಸಿನ ಯೋಚನೆಗಳನ್ನೂ ಇನ್ನೊಬ್ಬರಿಗೆ ತೋರಿಸುವ ಹಾಗೆ ಬರೆದಿಡಬೇಕು, ಬರೆಯಲು ನಾಚಿಕೆಯಾಗುವಂಥದ್ದನ್ನು ಮಾಡಲೂ ನಾಚಿಕೆಯಾಗುತ್ತದೆ ಎಂಬುದು ಅವರ ಉಪಾಯ.

ಚಕ್ರವರ್ತಿ ಕಾನ್‌ಸ್ಟಂಟೈನನಿಂದ ಪತ್ರ ಬಂದಾಗ ಶಿಷ್ಯರೆಲ್ಲ ಬೆರಗಾದರು. ಅಂತೋಣಿಯವರಿಗೆ ಅದೇನೂ ದೊಡ್ಡದೆನಿಸಲಿಲ್ಲ. ಒಬ್ಬ ಮನುಷ್ಯ ಪತ್ರ ಬರೆದದ್ದಕ್ಕೆ ಬೆರಗು ಯಾಕೆ, ದೇವರೇ ಮನುಷ್ಯರಿಗಾಗಿ ಬರೆದು, ತಮ್ಮ ಪುತ್ರನ ಮೂಲಕ ಮಾತಾಡಿದ್ದಕ್ಕಲ್ಲವೇ ಬೆರಗಾಗಬೇಕು ಎಂದು ತಿಳಿಹೇಳಿದರು. ಶಿಷ್ಯರು ಒತ್ತಾಯಿಸಿದ ಮೇಲೆ ಉತ್ತರ ಕಳಿಸಿದರು.

ತಂಗಿಯನ್ನು ಅವರು ಮತ್ತೆ ಕಂಡರು. ಆಗ ಇಬ್ಬರಿಗೂ ವಯಸ್ಸಾಗಿತ್ತು. ಅವಳು ಕನ್ಯಾವ್ರತದಲ್ಲೇ ಬಾಳಿ, ಬೇರೆ ಕನ್ಯೆಯರಿಗೆ ಮುಂದಾಳಾಗಿದ್ದಳು. ಅಣ್ಣನಿಗೆ ತುಂಬ ಸಂತೋಷವಾಯಿತು ಎಂದು ಅತನಾಸಿಯುಸರು ಬರೆಯುತ್ತಾರೆ.

356ರಲ್ಲಿ, 105ನೇ ವಯಸ್ಸಿನಲ್ಲಿ, ಅಂತೋಣಿಯವರು ದೈವಾಧೀನರಾದರು. ಸಮಾಧಿಯ ಜಾಗ ಯಾರಿಗೂ ತಿಳಿಯಬಾರದೆಂದು ಹೇಳಿದ್ದರು. ಜೊತೆಗಿದ್ದ ಇಬ್ಬರು ಹಾಗೆಯೇ ಮಾಡಿದರು.

ಮೂವತ್ತು ವರ್ಷದ ನಂತರ, 386ರಲ್ಲಿ, ಇಟಲಿಯ ಮಿಲಾನ್ ನಗರದಲ್ಲಿ ಅಗಸ್ಟೀನ್ ಎಂಬ ಪಂಡಿತ ಈ ಕಥೆ ಕೇಳಿದ. ದೊಡ್ಡ ವಿದ್ವಾಂಸ, ಆದರೆ ಹಳೆಯ ಬದುಕು ಬಿಡಲಾಗದೆ ಒದ್ದಾಡುತ್ತಿದ್ದವನು. ಅದೇ ದಿನ ತೋಟದಲ್ಲಿ ಅಳುತ್ತಿದ್ದಾಗ, ಎತ್ತಿಕೊಂಡು ಓದು ಎನ್ನುವ ಮಗುವಿನ ದನಿ ಪಕ್ಕದ ಮನೆಯಿಂದ ಕೇಳಿಸಿತು. ಅಂತೋಣಿಗೆ ವಾಚನದಲ್ಲಿ ಕರೆ ಬಂದದ್ದು ನೆನಪಾಗಿ ಪೌಲನ ಪತ್ರಗಳನ್ನು ತೆರೆದ, ಕಣ್ಣಿಗೆ ಮೊದಲು ಬಿದ್ದ ಸಾಲುಗಳನ್ನು ಓದಿದ. ಮುಂದೆ ಓದಬೇಕೆನಿಸಲಿಲ್ಲ. 387ರ ಪಾಸ್ಕ ರಾತ್ರಿ ಸಂತ ಅಂಬ್ರೋಸರಿಂದ ಅವನಿಗೆ ದೀಕ್ಷಾಸ್ನಾನವಾಯಿತು.